800 ಕೋಟಿ ಜನರಿಂದ ಗುರು ಗ್ರಹದವರೆಗೆ: ತಕ್ಕಡಿ ಇಲ್ಲದೆ ತೂಗುವುದು

(ಪದವಿ ಕಾಲೇಜೊಂದರ ವಿಜ್ಞಾನ ಸಂಘದಲ್ಲಿ ಮಾಡಿದ ಭಾಷಣದ ಬರಹ ರೂಪ. ಬೋರ್ಡಿನ ಮೇಲೆ ಮಾಡಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಲೆಕ್ಕ ಮಾಡಿಬಿಡೋಣ. ಭೂಮಿಯ ಮೇಲಿರುವ ಜನರನ್ನೆಲ್ಲ ಒಟ್ಟಿಗೆ ತೂಗಿದರೆ ಎಷ್ಟಾದೀತು? ಫೋನ್ ತೆಗೆಯಬೇಡಿ. ಎರಡು ಸಂಖ್ಯೆ ಸಾಕು. ಒಟ್ಟು ಎಷ್ಟು ಜನ, ಒಬ್ಬೊಬ್ಬರ ತೂಕ ಸರಾಸರಿ ಎಷ್ಟು.

ಜನಸಂಖ್ಯೆ ನಿಮಗೆ ಗೊತ್ತು. 2022ರ ನವೆಂಬರ್ 15ರಂದು ಅದು 800 ಕೋಟಿ ಮುಟ್ಟಿತು ಅಂತ ವಿಶ್ವಸಂಸ್ಥೆ ಹೇಳಿತು. ಆ ದಿನ ಕೂತು ಯಾರೂ ತಲೆ ಎಣಿಸಲಿಲ್ಲ, ಅದೂ ಅಂದಾಜೇ. ಈಗ ಇನ್ನೂ ಸ್ವಲ್ಪ ಜಾಸ್ತಿ ಆಗಿದೆ. ನಮ್ಮ ಲೆಕ್ಕಕ್ಕೆ 800 ಕೋಟಿ ಸಾಕು.

ಸರಾಸರಿ ತೂಕ ಎಷ್ಟು ಅಂತ ಕೇಳಿದರೆ ಸಾಮಾನ್ಯವಾಗಿ ಎಲ್ಲರೂ 60, 65 ಕೆಜಿ ಅನ್ನುತ್ತಾರೆ. ನೀವೂ ಹಾಗೇ ಅಂದಿರಿ. ದೊಡ್ಡವರ ಮಟ್ಟಿಗೆ ಇದು ಸರಿ. 2012ರಲ್ಲಿ ಲಂಡನ್ನಿನ ಸಂಶೋಧಕರು 2005ರ ಅಂಕಿಅಂಶ ಇಟ್ಟುಕೊಂಡು ಈ ಲೆಕ್ಕವನ್ನು ಶ್ರದ್ಧೆಯಿಂದ ಮಾಡಿದ್ದರು. ಜಗತ್ತಿನ ವಯಸ್ಕರ ಸರಾಸರಿ ತೂಕ 62 ಕೆಜಿ ಅಂತ ಬಂತು. ಉತ್ತರ ಅಮೆರಿಕದಲ್ಲಿ 80.7 ಕೆಜಿ, ಏಷ್ಯಾದಲ್ಲಿ 57.7 ಕೆಜಿ. ಆದರೆ ನಾವು ಮಕ್ಕಳನ್ನು ಮರೆತೆವು, ಅಲ್ವಾ? ಜಗತ್ತಿನಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು 15 ವರ್ಷದೊಳಗಿನವರು. ಹುಟ್ಟಿದ ಕೂಸು 3 ಕೆಜಿ ಇರುತ್ತದೆ, ಹೈಸ್ಕೂಲು ಹುಡುಗ 40 ಕೆಜಿ ಇರುತ್ತಾನೆ. ಅವರನ್ನೆಲ್ಲ ಸೇರಿಸಿದರೆ ಸರಾಸರಿ 50 ಕೆಜಿ ಆಸುಪಾಸಿಗೆ ಇಳಿಯುತ್ತದೆ.

800 ಕೋಟಿ ಗುಣಿಸು 50. ಅಂದರೆ 40 ಸಾವಿರ ಕೋಟಿ ಕೆಜಿ. ಟನ್ ಲೆಕ್ಕದಲ್ಲಿ 40 ಕೋಟಿ ಟನ್. ಇಷ್ಟೇ. ಸರಾಸರಿ 45 ಅಂತ ಹಿಡಿದರೆ 36 ಕೋಟಿ ಆಗುತ್ತದೆ, 55 ಅಂತ ಹಿಡಿದರೆ 44 ಕೋಟಿ. 4 ಕೋಟಿ ಟನ್ ಅಂತೂ ಆಗಲ್ಲ, 400 ಕೋಟಿ ಟನ್ನೂ ಆಗಲ್ಲ. ಎಷ್ಟರ ಒಳಗೆ ತಪ್ಪಬಹುದು ಅನ್ನುವುದು ಗೊತ್ತಾದ ಮೇಲೆ ಮಾತ್ರ ಒಂದು ಸಂಖ್ಯೆಯನ್ನು ಅಂದಾಜು ಅಂತ ಕರೆಯಬಹುದು. ಅಲ್ಲಿಯವರೆಗೆ ಅದು ಸುಮ್ನೆ ಬಾಯಿಗೆ ಬಂದ ಸಂಖ್ಯೆ.

40 ಕೋಟಿ ಟನ್ ಅಂದರೆ ಕಣ್ಣಿಗೆ ಏನೂ ಕಾಣಲ್ಲ. ನೀರಿನ ಲೆಕ್ಕಕ್ಕೆ ತರೋಣ. ನಮ್ಮ ಮೈಯ ಸಾಂದ್ರತೆ ಹೆಚ್ಚುಕಮ್ಮಿ ನೀರಿನಷ್ಟೇ. ಹಾಗಾಗಿ ಇಡೀ ಮನುಕುಲ ಹಿಡಿಸುವ ಜಾಗ 40 ಕೋಟಿ ಘನ ಮೀಟರ್. ಕಾವೇರಿ ಸುದ್ದಿ ಓದುವ ನಮಗೆಲ್ಲ ಟಿಎಂಸಿ ಗೊತ್ತು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ, ಅಂದರೆ 2.83 ಕೋಟಿ ಘನ ಮೀಟರ್. ಭಾಗಿಸಿ ನೋಡಿ. 14 ಟಿಎಂಸಿ ಬರುತ್ತದೆ. ಕೆಆರ್‌ಎಸ್ ತುಂಬಿದಾಗ 49 ಟಿಎಂಸಿಗಿಂತ ಸ್ವಲ್ಪ ಜಾಸ್ತಿ ನೀರು ನಿಲ್ಲುತ್ತದೆ. ಜಗತ್ತಿನ ಅಷ್ಟೂ ಜನ ಸೇರಿದರೂ ಆ ಒಂದು ಜಲಾಶಯದ ಮೂರರಲ್ಲಿ ಒಂದು ಪಾಲೂ ತುಂಬಲ್ಲ.

ಇದನ್ನು ಕೇಳಿ ನಾವು ಬಹಳ ಸಣ್ಣವರು ಅಂದುಕೊಳ್ಳುವುದು ಸುಲಭ. ಆದರೆ ತೂಕ ಅನ್ನುವುದು ಯಾವಾಗಲೂ ಹೋಲಿಕೆ. ಎದುರಿನ ತಟ್ಟೆಯಲ್ಲಿ ಏನಿಡುತ್ತೀರಿ ಅನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ಇವತ್ತಿನ ಇಡೀ ಮಾತು ಈ ಎದುರಿನ ತಟ್ಟೆಯ ಬಗ್ಗೆಯೇ.

ಎದುರಿಗೆ ಕಾಡುಪ್ರಾಣಿಗಳನ್ನು ಇಡೋಣ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡವೊಂದು ಈ ಕೆಲಸವನ್ನೇ ವರ್ಷಗಟ್ಟಲೆ ಮಾಡಿಕೊಂಡು ಬಂದಿದೆ. 2023ರಲ್ಲಿ ಅವರು ಜಗತ್ತಿನ ಸಸ್ತನಿಗಳ ತೂಕವನ್ನು ಅಂದಾಜು ಮಾಡಿದರು. ನೆಲದ ಮೇಲಿನ ಕಾಡು ಸಸ್ತನಿಗಳೆಲ್ಲ ಸೇರಿ ಸುಮಾರು 2 ಕೋಟಿ ಟನ್. ಆನೆ, ಜಿಂಕೆ, ಹಂದಿ, ಹುಲಿ, ಬಾವಲಿ, ಇಲಿ ಎಲ್ಲ ಇದರಲ್ಲೇ ಬಂತು. ತಿಮಿಂಗಿಲ ಮುಂತಾದ ಸಮುದ್ರದ ಸಸ್ತನಿಗಳು 4 ಕೋಟಿ ಟನ್. ಮನುಷ್ಯರು 39 ಕೋಟಿ. ನಾವು ಎರಡು ಸಂಖ್ಯೆ ಗುಣಿಸಿ ಪಡೆದ 40ಕ್ಕೆ ಎಷ್ಟು ಹತ್ತಿರ ಇದೆ ನೋಡಿ. ಸಾಕುಪ್ರಾಣಿಗಳು 63 ಕೋಟಿ ಟನ್, ಅದರಲ್ಲಿ ದನಗಳೇ 42 ಕೋಟಿ. ನನಗೆ ತೀರಾ ಕಳವಳ ಹುಟ್ಟಿಸಿದ್ದು ಇನ್ನೊಂದು ಸಂಖ್ಯೆ. ಜಗತ್ತಿನ ನಾಯಿಗಳನ್ನೆಲ್ಲ ಒಂದು ತಟ್ಟೆಗೆ, ನೆಲದ ಕಾಡು ಸಸ್ತನಿಗಳನ್ನೆಲ್ಲ ಇನ್ನೊಂದು ತಟ್ಟೆಗೆ ಹಾಕಿದರೆ ಹೆಚ್ಚುಕಮ್ಮಿ ಸಮ ತೂಗುತ್ತವೆ. ನಾಗರಹೊಳೆ, ಬಂಡೀಪುರದಲ್ಲಿ ಆನೆ ಹಿಂಡು ನೋಡಿದವರಿಗೆ ಇದನ್ನು ನಂಬುವುದು ಕಷ್ಟ. ಆದರೆ ಆನೆಗಳು ಉಳಿದಿರುವುದೇ ಅಂಥ ಕೆಲವು ಕಡೆ.

ಇದೇ ತಂಡ 2020ರಲ್ಲಿ ಇನ್ನೊಂದು ತಕ್ಕಡಿ ಕಟ್ಟಿತು. ಒಂದು ಕಡೆ ಭೂಮಿಯ ಮೇಲಿನ ಎಲ್ಲ ಜೀವ: ಗಿಡ, ಮರ, ಪ್ರಾಣಿ, ಬ್ಯಾಕ್ಟೀರಿಯಾ, ನೀರಿನಂಶ ಕಳೆದು. ಇನ್ನೊಂದು ಕಡೆ ಮನುಷ್ಯ ಮಾಡಿಟ್ಟಿರುವ ವಸ್ತು: ಕಾಂಕ್ರೀಟು, ಜಲ್ಲಿ, ಇಟ್ಟಿಗೆ, ಡಾಂಬರು, ಕಬ್ಬಿಣ, ಪ್ಲಾಸ್ಟಿಕ್. ಎರಡೂ ಸುಮಾರು 1.1 ಲಕ್ಷ ಕೋಟಿ ಟನ್‌ನಲ್ಲಿ ಸಮ ಆಗಿವೆ. ಅಂದಾಜಿನಲ್ಲಿ ಆರು ವರ್ಷ ಹಿಂದೆಮುಂದೆ ಇರಬಹುದು, ಆದರೆ ದಾಟುವ ಗೆರೆ ನಮ್ಮ ಕಾಲದಲ್ಲೇ ಬಂದಿದೆ. 1900ರ ಹೊತ್ತಿಗೆ ನಾವು ಮಾಡಿದ ವಸ್ತುವಿನ ತೂಕ ಜೀವರಾಶಿಯ ನೂರಕ್ಕೆ 3ರಷ್ಟಿತ್ತು. ಈಗ ಪ್ರತಿ ವಾರ, ಜಗತ್ತಿನ ಪ್ರತಿಯೊಬ್ಬರ ಹೆಸರಿನಲ್ಲೂ ಅವರ ಮೈತೂಕಕ್ಕಿಂತ ಜಾಸ್ತಿ ಹೊಸ ವಸ್ತು ತಯಾರಾಗುತ್ತಿದೆ. ಮನುಕುಲದ ತೂಕ ಕೇಳುವಾಗ ಬರೀ ಮೈತೂಕ ಹೇಳಿ ನಿಲ್ಲಿಸಿದರೆ ಅರ್ಧ ಉತ್ತರ ಕೊಟ್ಟಂತೆ.

ಈಗ ಭೂಮಿಗೆ ಬರೋಣ.

ಜನರ ತೂಕಕ್ಕೆ ಮಾಡಿದ ಉಪಾಯ ಇಲ್ಲಿ ನಡೆಯಲ್ಲ. ಭೂಮಿಯ ಗಾತ್ರ ಹಳೆಯ ಕಾಲದಿಂದಲೇ ಗೊತ್ತಿತ್ತು. ನೆರಳು ಅಳೆದು, ಬೆಟ್ಟದ ಮೇಲಿಂದ ದಿಗಂತ ನೋಡಿ ಸುತ್ತಳತೆ ಕಂಡುಕೊಂಡಿದ್ದರು. ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ ಬಂತು. ಆದರೆ ಸಾಂದ್ರತೆ ಎಷ್ಟು? ಕೈಗೆ ಸಿಗುವುದು ಮೇಲಿನ ಕಲ್ಲು ಮಾತ್ರ. ಅದು ನೀರಿಗಿಂತ ಎರಡೂವರೆ, ಎರಡೂ ಮುಕ್ಕಾಲು ಪಟ್ಟು ಭಾರ. ಒಳಗೆ ಏನಿದೆ? ಟೊಳ್ಳಿರಬಹುದು ಅಂತಲೂ ಕೆಲವರು ವಾದಿಸುತ್ತಿದ್ದರು. ಧೂಮಕೇತುವಿನ ಹೆಸರಿನಿಂದ ನಮಗೆ ಗೊತ್ತಿರುವ ಎಡ್ಮಂಡ್ ಹ್ಯಾಲಿಯೂ ಅವರಲ್ಲೊಬ್ಬ. ನ್ಯೂಟನ್ ಮಾತ್ರ ನೀರಿನ ಐದಾರು ಪಟ್ಟು ಇರಬಹುದು ಅಂತ ಊಹಿಸಿದ. ಅಳತೆ ಇಲ್ಲದೆ ಹೇಳಿದ ಆ ಮಾತು ಸರಿಯಾಗಿಯೇ ಬಂದದ್ದು ಇವತ್ತಿಗೂ ಆಶ್ಚರ್ಯ.

ಅಳತೆಯ ದಾರಿಯನ್ನೂ ನ್ಯೂಟನ್ನನ ನಿಯಮವೇ ತೋರಿಸಿತ್ತು. ಪ್ರತಿ ವಸ್ತುವೂ ಇನ್ನೊಂದನ್ನು ಸೆಳೆಯುತ್ತದೆ. ಭೂಮಿ ನನ್ನನ್ನು ಸೆಳೆಯುತ್ತದೆ, ಬೆಟ್ಟವೂ ಸೆಳೆಯುತ್ತದೆ. ಬೆಟ್ಟದ ತೂಕ ನಮಗೆ ಗೊತ್ತಿದ್ದರೆ, ಆ ಎರಡು ಸೆಳೆತಗಳನ್ನು ಹೋಲಿಸಿ ಭೂಮಿಯ ತೂಕ ಹೇಳಬಹುದು. ಎದುರಿನ ತಟ್ಟೆಯಲ್ಲಿ ಬೆಟ್ಟ.

ಹೋಲಿಸುವುದು ಹೇಗೆ? ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಆ ತೂಗುಗುಂಡು ಸಾಕು. ಬಯಲಲ್ಲಿ ಅದು ನೇರ ಕೆಳಗೆ ತೂಗುತ್ತದೆ. ದೊಡ್ಡ ಬೆಟ್ಟದ ಪಕ್ಕದಲ್ಲಿ ಕೂದಲೆಳೆಯಷ್ಟು ಬೆಟ್ಟದ ಕಡೆಗೆ ವಾಲುತ್ತದೆ. ವಾಲಿದ್ದು ಎಷ್ಟು ಅಂತ ತಿಳಿಯಲು ನಕ್ಷತ್ರಗಳನ್ನು ನೋಡಬೇಕು, ಯಾಕೆಂದರೆ ಅವನ್ನು ಬೆಟ್ಟ ಅಲ್ಲಾಡಿಸಲ್ಲ. 1738ರಲ್ಲಿ ಫ್ರೆಂಚರು ದಕ್ಷಿಣ ಅಮೆರಿಕದ ಚಿಂಬೊರಾಸೊ ಬೆಟ್ಟದಲ್ಲಿ ಪ್ರಯತ್ನಪಟ್ಟರು. ಚಳಿ ಗಾಳಿಯಲ್ಲಿ ಅಳತೆ ನೆಚ್ಚುವಂತೆ ಬರಲಿಲ್ಲ.

ಸರಿಯಾಗಿ ಮಾಡಿದವನು ಬ್ರಿಟನ್ನಿನ ರಾಜ ಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್. 1774ರಲ್ಲಿ ಅವನು ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟಕ್ಕೆ ಹೋದ. ಆ ಬೆಟ್ಟ ಒಂಟಿಯಾಗಿ ನಿಂತಿದೆ, ಎರಡೂ ಮಗ್ಗುಲು ಹೆಚ್ಚುಕಮ್ಮಿ ಒಂದೇ ರೀತಿ ಇವೆ, ಏಣು ಪೂರ್ವ ಪಶ್ಚಿಮಕ್ಕೆ ಚಾಚಿದೆ. ಉತ್ತರದ ಇಳಿಜಾರಿನಲ್ಲಿ ಒಂದು ಕಡೆ, ದಕ್ಷಿಣದ ಇಳಿಜಾರಿನಲ್ಲಿ ಒಂದು ಕಡೆ ದೂರದರ್ಶಕ ಇಟ್ಟು, ನೆತ್ತಿಯ ಮೇಲೆ ಹಾದುಹೋಗುವ ನಕ್ಷತ್ರಗಳನ್ನು ತೂಗುಗುಂಡಿಗೆ ಹೋಲಿಸುತ್ತ ತಿಂಗಳುಗಟ್ಟಲೆ ಕೂತ. ಬಹುಪಾಲು ದಿನ ಮಳೆ, ಮಂಜು. ಕೊನೆಗೆ ಸಿಕ್ಕಿದ್ದು ಇಷ್ಟು: ಎರಡೂ ಕಡೆಯ ವಾಲು ಸೇರಿ 11.6 ಸೆಕೆಂಡ್. ಇಲ್ಲಿ ಸೆಕೆಂಡ್ ಅಂದರೆ ಕೋನದ ಅಳತೆ, ಒಂದು ಡಿಗ್ರಿಯ 3600ನೇ ಒಂದು ಪಾಲು.

ಕೆಲಸ ಮುಗಿದ ಸಂತೋಷಕ್ಕೆ ಬೆಟ್ಟದ ಮೇಲಿನ ಗುಡಿಸಲಲ್ಲಿ ಊಟ, ಹಾಡು ಇಟ್ಟುಕೊಂಡರು. ಗುಡಿಸಲಿಗೆ ಬೆಂಕಿ ಬಿತ್ತು. ಡಂಕನ್ ರಾಬರ್ಟ್‌ಸನ್ ಅನ್ನುವ ಸ್ಥಳೀಯ ಹುಡುಗ ಅಡುಗೆಗೂ ಸಹಾಯಕ್ಕೂ ಇದ್ದವನು, ಅವನ ಪಿಟೀಲು ಸುಟ್ಟುಹೋಯಿತು. ಮ್ಯಾಸ್ಕೆಲಿನ್ ಲಂಡನ್ನಿಗೆ ಹೋದ ಮೇಲೆ ಅವನಿಗೆ ಹೊಸ ಪಿಟೀಲು ಕಳಿಸಿದ. ಭೂಮಿಯನ್ನು ತೂಗಿದ ಕಥೆಯಲ್ಲಿ ಈ ಹುಡುಗನ ಹೆಸರೂ ಉಳಿದಿದೆ ಅನ್ನುವುದು ನನಗೆ ಖುಷಿ.

ಇಷ್ಟಕ್ಕೆ ಮುಗಿಯಲಿಲ್ಲ. ಬೆಟ್ಟದ ತೂಕ ಬೇಕಲ್ಲ? ಅದಕ್ಕೆ ಬೆಟ್ಟದ ಆಕಾರ ಬೇಕು. ಸರ್ವೆಯವರು ಸಾವಿರಾರು ಅಳತೆ ತಂದುಕೊಟ್ಟರು. ಚಾರ್ಲ್ಸ್ ಹಟನ್ ಅನ್ನುವ ಗಣಿತಜ್ಞ ಅವನ್ನೆಲ್ಲ ಹರಡಿಕೊಂಡು ವರ್ಷಗಟ್ಟಲೆ ಲೆಕ್ಕ ಹಾಕಿದ. ಕಾಗದದ ತುಂಬ ಅಂಕಿ, ಕಣ್ಣಿಗೆ ಬೆಟ್ಟವೇ ಕಾಣುತ್ತಿರಲಿಲ್ಲ. ಆಗ ಒಂದೇ ಎತ್ತರದ ಬಿಂದುಗಳನ್ನು ಗೆರೆ ಎಳೆದು ಸೇರಿಸಿದ. ಬೆಟ್ಟದ ಆಕಾರ ತಾನಾಗಿ ಎದ್ದುಬಂತು. ಇವತ್ತು ಚಾರಣಕ್ಕೆ ಹೋಗುವವರು ನೋಡುವ ನಕ್ಷೆಯಲ್ಲಿ ಸಮೋನ್ನತ ರೇಖೆಗಳು ಇರುತ್ತವಲ್ಲ, ಅವನ್ನು ಹೀಗೆ ಬಳಕೆಗೆ ತಂದವರಲ್ಲಿ ಹಟನ್ ಮೊದಲಿಗ. 1778ರಲ್ಲಿ ಉತ್ತರ ಬಂತು. ಇಡೀ ಭೂಮಿ ಆ ಬೆಟ್ಟಕ್ಕಿಂತ ಒಂದು ಮುಕ್ಕಾಲು ಪಟ್ಟಿಗೂ ಸ್ವಲ್ಪ ಜಾಸ್ತಿ ಸಾಂದ್ರ. ಬೆಟ್ಟದ ಕಲ್ಲನ್ನು ನೀರಿನ ಎರಡೂವರೆ ಪಟ್ಟು ಅಂತ ಹಿಡಿದರೆ ಭೂಮಿ 4.5. ಟೊಳ್ಳು ಭೂಮಿಯ ವಾದ ಅಲ್ಲಿಗೆ ಬಿತ್ತು. ಒಳಗೆ ಕಲ್ಲಿಗಿಂತ ಭಾರವಾದ ಏನೋ ಇದೆ, ಬಹುಶಃ ಲೋಹ ಅಂತ ಹಟನ್ ಹೇಳಿದ.

ಬೆಟ್ಟದ ತೊಂದರೆ ಏನು ಅಂದರೆ ಅದರ ಒಳಗೆ ಯಾವ ಕಲ್ಲಿದೆ ಅಂತ ಪೂರ್ತಿ ಗೊತ್ತಾಗಲ್ಲ. ಎದುರಿನ ತಟ್ಟೆಯ ತೂಕವೇ ಅನುಮಾನ. ಅದರ ಬದಲು ತೂಕ ಪಕ್ಕಾ ಗೊತ್ತಿರುವ ಸೀಸದ ಗುಂಡನ್ನೇ ಇಟ್ಟರೆ? ಜಾನ್ ಮಿಚೆಲ್ ಅನ್ನುವ ಪಾದ್ರಿ ಇದಕ್ಕೊಂದು ಉಪಕರಣ ಕಟ್ಟಿದ. ಬಳಸುವ ಮೊದಲೇ 1793ರಲ್ಲಿ ತೀರಿಕೊಂಡ. ಅದು ಕೈ ಬದಲಾಗಿ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್ ಹತ್ತಿರ ಬಂತು. ಅವನಿಗೆ ಆಗ 66 ವರ್ಷ.

ಉಪಕರಣ ನೋಡಲು ಸರಳ. ಆರು ಅಡಿಯ ಮರದ ತೊಲೆ. ಅದನ್ನು ನಡುವಿನಲ್ಲಿ ಸಣ್ಣ ತಂತಿಯಿಂದ ಅಡ್ಡಕ್ಕೆ ನೇತುಹಾಕಿದೆ. ತೊಲೆಯ ಎರಡು ತುದಿಗೆ ಎರಡಿಂಚಿನ ಸೀಸದ ಗುಂಡು, ಒಂದೊಂದು ಮುಕ್ಕಾಲು ಕೆಜಿ ಹತ್ತಿರ. ಅವುಗಳ ಪಕ್ಕಕ್ಕೆ ಹನ್ನೆರಡಿಂಚಿನ ದೊಡ್ಡ ಗುಂಡುಗಳನ್ನು ತಂದರೆ, ಅವು ಒಂದೊಂದು 158 ಕೆಜಿ, ಸಣ್ಣವು ದೊಡ್ಡವುಗಳ ಕಡೆಗೆ ಸರಿಯುತ್ತವೆ, ತಂತಿ ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು ಅನ್ನುವುದರಿಂದ ಸೆಳೆತ ಗೊತ್ತಾಗುತ್ತದೆ. ಆ ಸೆಳೆತ ಎಷ್ಟು ಸಣ್ಣದು? ಸಣ್ಣ ಗುಂಡಿನ ತೂಕದ 5 ಕೋಟಿಯಲ್ಲಿ ಒಂದು ಪಾಲು. ಕೋಣೆಯ ಒಂದು ಮೂಲೆ ಇನ್ನೊಂದು ಮೂಲೆಗಿಂತ ಸ್ವಲ್ಪ ಬೆಚ್ಚಗಿದ್ದರೂ ಸಾಕು, ಗಾಳಿ ಆಡಿ ಅಳತೆ ಕೆಡುತ್ತದೆ. ಮನುಷ್ಯ ಒಳಗಿದ್ದರೆ ಅವನ ಮೈಬಿಸಿಯೇ ಕೆಡಿಸುತ್ತದೆ. ಅದಕ್ಕೇ ಕ್ಯಾವೆಂಡಿಶ್ ಉಪಕರಣವನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಅದನ್ನು ಮುಚ್ಚಿದ ಕೋಣೆಯಲ್ಲಿಟ್ಟ. ಹಗ್ಗ ರಾಟೆಯಿಂದ ದೊಡ್ಡ ಗುಂಡುಗಳನ್ನು ಹೊರಗಿನಿಂದಲೇ ಸರಿಸಿದ. ಗೋಡೆಯ ಕಿಂಡಿಯಲ್ಲಿ ದೂರದರ್ಶಕ ಇಟ್ಟು ಹೊರಗೆ ನಿಂತು ಓದಿದ.

1798ರಲ್ಲಿ ಫಲಿತಾಂಶ ಪ್ರಕಟಿಸಿದ. ಭೂಮಿ ನೀರಿಗಿಂತ 5.48 ಪಟ್ಟು ಸಾಂದ್ರ. ಇವತ್ತಿನ ಅಳತೆ 5.51. ಮುಂದೆ ಫ್ರಾನ್ಸಿಸ್ ಬೈಲಿ ಅನ್ನುವವನು ಕೂತು ಕ್ಯಾವೆಂಡಿಶನ ಅಂಕಿಗಳನ್ನು ಮತ್ತೆ ಕೂಡಿ ನೋಡಿದ. ಸರಾಸರಿ ತೆಗೆಯುವಾಗ ಸಣ್ಣ ತಪ್ಪಾಗಿತ್ತು, 5.448 ಬರಬೇಕಿತ್ತು. ಎರಡೂ ಇವತ್ತಿನ ಉತ್ತರದಿಂದ ನೂರಕ್ಕೆ ಎರಡಕ್ಕಿಂತ ಕಮ್ಮಿ ದೂರ. ಲಂಡನ್ ಹತ್ತಿರದ ಒಂದು ಮನೆಯ ಆವರಣದಲ್ಲಿ, ಸೀಸದ ಗುಂಡು ಮತ್ತು ತಂತಿ ಇಟ್ಟುಕೊಂಡು.

ಈಗ ಗಾತ್ರದಿಂದ ಗುಣಿಸಿ. ಭೂಮಿಯ ತೂಕ, ಸರಿಯಾಗಿ ಹೇಳಬೇಕಾದರೆ ದ್ರವ್ಯರಾಶಿ, 6ರ ಮುಂದೆ 21 ಸೊನ್ನೆ ಹಾಕಿದಷ್ಟು ಟನ್. ಇದರ ಎದುರಿಗೆ ನಮ್ಮ 40 ಕೋಟಿ ಟನ್ 15 ಲಕ್ಷ ಕೋಟಿಯಲ್ಲಿ ಒಂದು ಪಾಲು.

ತೂಗುಗುಂಡಿನ ಕಥೆ ಭಾರತಕ್ಕೂ ಬಂತು. ಅದನ್ನು ಹೇಳದೆ ಮುಂದೆ ಹೋಗಲಾರೆ. ವಿಲಿಯಂ ಲ್ಯಾಂಬ್ಟನ್ ಶುರು ಮಾಡಿದ ಮಹಾ ತ್ರಿಕೋನ ಸರ್ವೆ, ಅಂದರೆ ತ್ರಿಕೋನ ಹಾಕುತ್ತ ದೇಶವನ್ನೇ ಅಳೆಯುವ ಕೆಲಸ, ದಕ್ಷಿಣದಿಂದ ಹಿಮಾಲಯದವರೆಗೆ ಹೋಯಿತು. 1804ರಲ್ಲಿ ಅವನು ನಮ್ಮ ಬೆಂಗಳೂರಿನ ಹತ್ತಿರವೂ ಒಂದು ಆಧಾರ ರೇಖೆ, ಅಂದರೆ ತ್ರಿಕೋನಗಳ ಲೆಕ್ಕಕ್ಕೆ ಬುನಾದಿಯಾದ ಗೆರೆ, ಅಳೆದಿದ್ದ. ಉತ್ತರದಲ್ಲಿ ಕಲ್ಯಾಣಪುರ ಮತ್ತು ಕಲಿಯಾನ ಅನ್ನುವ ಎರಡು ಠಾಣೆಗಳ ನಡುವಿನ ಅಂತರವನ್ನು ಎರಡು ಬಗೆಯಲ್ಲಿ ಅಳೆದರು. ನೆಲದ ಮೇಲೆ ತ್ರಿಕೋನ ಹಾಕಿ ಒಂದು ಸಲ, ನಕ್ಷತ್ರ ನೋಡಿ ಇನ್ನೊಂದು ಸಲ. ಎರಡಕ್ಕೂ 5 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ, ನೆಲದ ಮೇಲೆ ಸುಮಾರು 160 ಮೀಟರ್. ಹಿಮಾಲಯ ತೂಗುಗುಂಡನ್ನು ಎಳೆಯುತ್ತಿದೆ ಅಂತ ಕಲ್ಕತ್ತದಲ್ಲಿದ್ದ ಪಾದ್ರಿ ಜಾನ್ ಪ್ರ್ಯಾಟ್‌ಗೆ ಹೊಳೆಯಿತು. ಲೆಕ್ಕ ಹಾಕಿದ. ಅಷ್ಟು ದೊಡ್ಡ ಪರ್ವತಸಾಲು 15 ಸೆಕೆಂಡಿಗಿಂತ ಜಾಸ್ತಿ ಎಳೆಯಬೇಕಿತ್ತು! ಎಳೆದದ್ದು ಮೂರರಲ್ಲಿ ಒಂದು ಪಾಲು. ಹಾಗಾದರೆ ಹಿಮಾಲಯದ ಉಳಿದ ತೂಕ ಎಲ್ಲಿ ಹೋಯಿತು? 1855ರಲ್ಲಿ ಬ್ರಿಟನ್ನಿನ ಖಗೋಳಜ್ಞ ಜಾರ್ಜ್ ಏರಿ ಉತ್ತರ ಕೊಟ್ಟ. ಪರ್ವತಕ್ಕೆ ಕೆಳಗೆ ಆಳವಾದ ಬೇರಿದೆ, ಆ ಬೇರಿನ ಕಲ್ಲು ಸುತ್ತಲಿನ ಆಳದ ಕಲ್ಲಿಗಿಂತ ಹಗುರ. ಮೇಲೆ ಹೆಚ್ಚಿದ್ದನ್ನು ಕೆಳಗಿನ ಹಗುರ ಸರಿದೂಗಿಸುತ್ತದೆ. ಪರ್ವತಗಳು ಭೂಮಿಯ ಒಳಪದರದ ಮೇಲೆ ತೇಲುತ್ತಿವೆ ಅನ್ನುವ ತಿಳಿವಳಿಕೆ ಹೀಗೆ ನಮ್ಮ ನೆಲದ ಒಂದು ಸಣ್ಣ ವ್ಯತ್ಯಾಸದಿಂದ ಹುಟ್ಟಿತು. ಬೇರೆಯವರಾಗಿದ್ದರೆ ಅಳತೆಯ ದೋಷ ಅಂತ ಆ 5 ಸೆಕೆಂಡನ್ನು ಬದಿಗೆ ಸರಿಸಿಬಿಡುತ್ತಿದ್ದರು.

ಇನ್ನು ಗ್ರಹಗಳು. ಅಲ್ಲಿಗೆ ಸೀಸದ ಗುಂಡು ಒಯ್ಯುವ ಹಾಗಿಲ್ಲ. ಅದೃಷ್ಟಕ್ಕೆ ಅನೇಕ ಗ್ರಹಗಳಿಗೆ ಚಂದ್ರರಿದ್ದಾರೆ. ಗ್ರಹ ಎಷ್ಟು ಭಾರವೋ ಅಷ್ಟು ಬಲವಾಗಿ ತನ್ನ ಚಂದ್ರನನ್ನು ಸೆಳೆಯುತ್ತದೆ, ಅಷ್ಟು ವೇಗವಾಗಿ ಅದು ಸುತ್ತಬೇಕು.

ಗುರುವಿನ ಚಂದ್ರ ಅಯೋ ನೋಡಿ. ಗುರುವಿನಿಂದ ಅದರ ದೂರ 4 ಲಕ್ಷದ 22 ಸಾವಿರ ಕಿಲೋಮೀಟರ್. ನಮ್ಮ ಚಂದ್ರ ನಮ್ಮಿಂದ 3 ಲಕ್ಷದ 84 ಸಾವಿರ. ಹೆಚ್ಚುಕಮ್ಮಿ ಒಂದೇ ದೂರ. ಆದರೆ ನಮ್ಮ ಚಂದ್ರ ಒಂದು ಸುತ್ತಿಗೆ 27.3 ದಿನ ತೆಗೆದುಕೊಂಡರೆ, ಅಯೋ 1.77 ದಿನಕ್ಕೆ ಮುಗಿಸುತ್ತದೆ! ಇದೊಂದರಿಂದಲೇ ಗುರು ಎಷ್ಟು ಭಾರ ಅಂತ ಹೇಳಬಹುದು. ದೂರಗಳ ಅನುಪಾತದ ಘನ ತೆಗೆಯಿರಿ, ಕಾಲಗಳ ಅನುಪಾತದ ವರ್ಗ ತೆಗೆಯಿರಿ, ಗುಣಿಸಿ. ಪೂರ್ತಿ ಅಂಕಿಗಳನ್ನು ಹಿಡಿದರೆ ದೂರದ ಅನುಪಾತ 1.097, ಅದರ ಘನ 1.32. ಕಾಲದ ಅನುಪಾತ 15.44, ಅದರ ವರ್ಗ 238.5. ಗುಣಿಸಿದರೆ 315. ಗುರು ಭೂಮಿಯ 315 ಪಟ್ಟು ಭಾರ. ಪುಸ್ತಕದಲ್ಲಿ ನೋಡಿದರೆ 318 ಅಂತ ಇರುತ್ತದೆ. ಉಳಿದ 3 ಎಲ್ಲಿ? ಚಂದ್ರನ ಸುತ್ತಿನಿಂದ ಬರುವುದು ಭೂಮಿ ಮತ್ತು ಚಂದ್ರ ಎರಡರ ಒಟ್ಟು ತೂಕ. ಚಂದ್ರ ಭೂಮಿಯ 81ನೇ ಒಂದು ಪಾಲು. ಅಷ್ಟನ್ನು ಸರಿಮಾಡಿಕೊಳ್ಳಿ, 318 ದಾಟುತ್ತದೆ. ಸಭೆಯಲ್ಲಿ ಇದನ್ನು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನನಗಿಂತ ಬೇಗ ಮಾಡಿ ಹೇಳಿದಳು.

ನ್ಯೂಟನ್ ಇದನ್ನೇ ಮಾಡಿದ. ಅವನ ಗ್ರಂಥದ ಕೊನೆಯ ಆವೃತ್ತಿಯಲ್ಲಿ ಗುರು ಸೂರ್ಯನ 1067ನೇ ಒಂದು ಪಾಲು ಅಂತಿದೆ. ಇವತ್ತಿನ ಲೆಕ್ಕ 1047. ಇಷ್ಟು ಹತ್ತಿರ. ಭೂಮಿಯ ವಿಷಯದಲ್ಲಿ ಮಾತ್ರ ಸೂರ್ಯನ 1,69,282ನೇ ಒಂದು ಪಾಲು ಅಂತ ಬರೆದ. ನಿಜವಾದದ್ದು ಸುಮಾರು 3,33,000. ಎರಡು ಪಟ್ಟು ತಪ್ಪು. ಯಾಕೆ? ಸೂರ್ಯ ಎಷ್ಟು ದೂರ ಇದ್ದಾನೆ ಅನ್ನುವುದು ಆಗ ಸರಿಯಾಗಿ ಗೊತ್ತಿರಲಿಲ್ಲ. ದೂರದ ಘನ ತೆಗೆಯುವುದರಿಂದ ದೂರದಲ್ಲಿನ ಸಣ್ಣ ತಪ್ಪು ತೂಕದಲ್ಲಿ ದೊಡ್ಡದಾಗುತ್ತದೆ.

ಚಂದ್ರನಿಲ್ಲದ ಬುಧ, ಶುಕ್ರ ಕಷ್ಟ ಕೊಟ್ಟವು. ಪಕ್ಕದ ಗ್ರಹಗಳ ದಾರಿಯನ್ನು ಅವು ಎಷ್ಟು ಅಲ್ಲಾಡಿಸುತ್ತವೆ ಅಂತ ನೋಡಿ ಅಂದಾಜು ಮಾಡಬೇಕಿತ್ತು. 1962ರಲ್ಲಿ ಮ್ಯಾರಿನರ್ 2 ನೌಕೆ ಶುಕ್ರದ ಪಕ್ಕ ಹಾದಾಗ, 1974ರಲ್ಲಿ ಮ್ಯಾರಿನರ್ 10 ಬುಧದ ಪಕ್ಕ ಹಾದಾಗ ಖಚಿತ ಉತ್ತರ ಸಿಕ್ಕಿತು. ಚಂದ್ರ ಇಲ್ಲದಿದ್ದರೆ ನಾವೇ ಒಂದನ್ನು ಕಳಿಸಿದ ಹಾಗಾಯಿತು.

ಪ್ಲೂಟೊ ಕಥೆ ಬೇರೆ. ಯುರೇನಸ್, ನೆಪ್ಚೂನ್‌ಗಳ ದಾರಿಯಲ್ಲಿ ಏನೋ ವ್ಯತ್ಯಾಸ ಕಂಡು, ಅದಕ್ಕೆ ಕಾರಣವಾದ ಭಾರಿ ಗ್ರಹ ಇರಬೇಕು ಅಂತ ಹುಡುಕಿದವರಿಗೆ 1930ರಲ್ಲಿ ಅದು ಸಿಕ್ಕಿತು. ಮೊದಲು ಭೂಮಿಯಷ್ಟಿರಬಹುದು ಅಂದರು. ಮುಂದೆ ಪ್ರತಿ ಅಂದಾಜಿನಲ್ಲೂ ಅದು ಹಗುರವಾಗುತ್ತ ಬಂತು. 1978ರಲ್ಲಿ ಜೇಮ್ಸ್ ಕ್ರಿಸ್ಟಿ ಅದರ ಚಂದ್ರ ಕ್ಯಾರನ್ ಕಂಡುಹಿಡಿದರು. ಈಗ ಸುತ್ತಿನ ಕಾಲ ಸಿಕ್ಕಿತು, ತೂಕ ಸಿಕ್ಕಿತು: ಭೂಮಿಯ ಸುಮಾರು 450ನೇ ಒಂದು ಪಾಲು. ಅಷ್ಟು ಹಗುರವಾದದ್ದು ಯುರೇನಸ್ಸನ್ನು ಅಲ್ಲಾಡಿಸಲಾರದು. ಹಾಗಾದರೆ ಆ ವ್ಯತ್ಯಾಸ? 1989ರಲ್ಲಿ ವಾಯೇಜರ್ 2 ನೆಪ್ಚೂನ್ ಪಕ್ಕ ಹಾದಾಗ, ನಾವು ನೆಪ್ಚೂನನ್ನು ನೂರಕ್ಕೆ ಅರ್ಧದಷ್ಟು ಜಾಸ್ತಿ ತೂಗಿದ್ದೆವು ಅಂತ ತಿಳಿಯಿತು. ಅದನ್ನು ಸರಿಮಾಡಿ ಲೆಕ್ಕ ಹಾಕಿದಾಗ ವ್ಯತ್ಯಾಸವೇ ಮಾಯವಾಯಿತು. ದಶಕಗಟ್ಟಲೆ ಹುಡುಕಿದ ಭಾರಿ ಗ್ರಹ ಇರಲೇ ಇಲ್ಲ, ಇದ್ದದ್ದು ತೂಕದಲ್ಲಿನ ಅರ್ಧ ಪರ್ಸೆಂಟ್ ತಪ್ಪು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳದ ಒಂದು ವಿಷಯ ಇದೆ. ಉಪಗ್ರಹಗಳ ಸುತ್ತಿನಿಂದ ನಮಗೆ ಸಿಗುವುದು ಭೂಮಿಯ ದ್ರವ್ಯರಾಶಿ ಮತ್ತು ಗುರುತ್ವ ಸ್ಥಿರಾಂಕ (ಇಷ್ಟು ತೂಕಕ್ಕೆ ಇಷ್ಟು ಸೆಳೆತ ಅಂತ ಹೇಳುವ ಬದಲಾಗದ ಸಂಖ್ಯೆ) ಎರಡರ ಗುಣಲಬ್ಧ. ಅದು ಒಂಬತ್ತು ಅಂಕಿಗಳವರೆಗೆ ನಿಖರವಾಗಿ ಗೊತ್ತು. ಆದರೆ ಕೆಜಿಯಲ್ಲಿ ಹೇಳಬೇಕಾದರೆ ಸ್ಥಿರಾಂಕದಿಂದ ಭಾಗಿಸಬೇಕು. ಅದನ್ನು ಅಳೆಯಲು ಇವತ್ತಿಗೂ ಕ್ಯಾವೆಂಡಿಶನ ತಿರುಚುವ ತಂತಿಯಂಥ ಉಪಕರಣಗಳೇ ಬೇಕು, ಅವು ನಾಲ್ಕೈದು ಅಂಕಿಗಿಂತ ಮುಂದೆ ಹೋಗಿಲ್ಲ. ಹಾಗಾಗಿ ಭೂಮಿಯ ತೂಕ ಕೆಜಿಯಲ್ಲಿ ನಾಲ್ಕೈದು ಅಂಕಿ ಮಾತ್ರ ಖಚಿತ. ಆ ಖಚಿತ ಇಲ್ಲದ ಪಾಲು ಎಷ್ಟು ಗೊತ್ತಾ? ಇಡೀ ಮನುಕುಲದ ತೂಕದ 30 ಕೋಟಿ ಪಟ್ಟಿಗಿಂತ ಜಾಸ್ತಿ.

ತಿರುಚುವ ತಕ್ಕಡಿ ನಮ್ಮ ರಾಜ್ಯದಲ್ಲೂ ನೇತಾಡಿದೆ. 1980ರ ದಶಕದಲ್ಲಿ ಗುರುತ್ವದ ಜೊತೆಗೆ ಇನ್ನೊಂದು ಬಲ ಇರಬಹುದು ಅನ್ನುವ ಚರ್ಚೆ ಎದ್ದಾಗ, ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಸಂಸ್ಥೆಯ ರಮಾನಾಥ್ ಕೌಶಿಕ್ ಮತ್ತು ಸಂಗಡಿಗರು ಗೌರಿಬಿದನೂರಿನ ನೆಲದಡಿಯ ಪ್ರಯೋಗಾಲಯದಲ್ಲಿ ಇದೇ ಬಗೆಯ ತಕ್ಕಡಿ ಕಟ್ಟಿ ಹುಡುಕಿದರು. ಮೇಲಿನ ಓಡಾಟ, ಬಿಸಿಲು ಚಳಿ ತಾಗದಿರಲಿ ಅಂತ ಅಷ್ಟು ಆಳ. ಅಂಥ ಬಲ ಕಾಣಿಸಲಿಲ್ಲ.

ಕೊನೆಯದಾಗಿ, ಇಷ್ಟು ಹೊತ್ತು ನಾವು ಮಾತಾಡಿದ ಎರಡು ಎಳೆಗಳು ಕೂಡುವ ಜಾಗ. 2002ರಲ್ಲಿ ಗ್ರೇಸ್ ಅನ್ನುವ ಎರಡು ಉಪಗ್ರಹಗಳನ್ನು ಹಾರಿಸಿದರು. ಒಂದರ ಹಿಂದೆ ಇನ್ನೊಂದು, ನಡುವೆ ಸುಮಾರು 220 ಕಿಲೋಮೀಟರ್. ಕೆಳಗಿನ ನೆಲ ಒಂದಿಷ್ಟು ಭಾರವಾಗಿದ್ದರೆ ಮುಂದಿನದು ಸ್ವಲ್ಪ ಮೊದಲು ಸೆಳೆಯಲ್ಪಟ್ಟು ಅಂತರ ಬದಲಾಗುತ್ತದೆ. ಕೂದಲಿನ ದಪ್ಪಕ್ಕಿಂತ ಸಣ್ಣ ಬದಲಾವಣೆಯನ್ನೂ ಅವು ಅಳೆಯುತ್ತಿದ್ದವು. ಮ್ಯಾಸ್ಕೆಲಿನ್‌ನ ತೂಗುಗುಂಡು ಆಕಾಶಕ್ಕೆ ಏರಿದಂತಾಯಿತು. ಈ ಉಪಗ್ರಹಗಳು 2002ರಿಂದ 2008ರ ನಡುವೆ ರಾಜಸ್ಥಾನ, ಪಂಜಾಬ್, ಹರಿಯಾಣಗಳ ನೆಲ ಹಗುರವಾಗುತ್ತಿರುವುದನ್ನು ಕಂಡವು. ಅಂತರ್ಜಲ ಖಾಲಿಯಾಗುತ್ತಿತ್ತು. 2009ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕಳೆದುಹೋದದ್ದು 109 ಘನ ಕಿಲೋಮೀಟರ್ ನೀರು. ಟಿಎಂಸಿಗೆ ತಂದರೆ 3,800ಕ್ಕೂ ಜಾಸ್ತಿ. ಮನುಕುಲ ಒಟ್ಟು 14 ಟಿಎಂಸಿ. ಆರು ವರ್ಷದಲ್ಲಿ ಒಂದು ಭಾಗದ ಬೋರ್‌ವೆಲ್‌ಗಳಿಂದ ನಾವು ಮೇಲೆತ್ತಿದ ನೀರು ಜಗತ್ತಿನ ಎಲ್ಲ ಮನುಷ್ಯರ 270 ಪಟ್ಟು ತೂಗುತ್ತದೆ. ಈ ಸಂಖ್ಯೆಯನ್ನು ದಯವಿಟ್ಟು ನಿಮ್ಮ ಮನೆಯವರಿಗೂ ಹೇಳಿ.

ಪ್ರಶ್ನೆಗಳು.

ಜನಸಂಖ್ಯೆ ಹೆಚ್ಚಾದರೆ ಭೂಮಿ ಭಾರವಾಗುತ್ತಾ ಅಂತ ಒಬ್ಬರು ಕೇಳಿದರು. ಇಲ್ಲ. ಮಗು ಬೆಳೆಯುವುದು ಅನ್ನ, ನೀರು, ಗಾಳಿಯಿಂದ. ಅವೆಲ್ಲ ಮೊದಲೇ ಭೂಮಿಯಲ್ಲೇ ಇದ್ದವು. ಭೂಮಿಯ ತೂಕ ಬದಲಾಗುವುದು ಬೇರೆ ಕಾರಣಕ್ಕೆ. ಆಕಾಶದಿಂದ ಧೂಳು ಬೀಳುತ್ತಿರುತ್ತದೆ. ಮೇಲಿನಿಂದ ಹೈಡ್ರೋಜನ್ ಸೆಕೆಂಡಿಗೆ ಸುಮಾರು 3 ಕೆಜಿಯಂತೆ ಸೋರಿಹೋಗುತ್ತಿರುತ್ತದೆ, ಅದು ವರ್ಷಕ್ಕೆ 90 ಸಾವಿರ ಟನ್ ದಾಟುತ್ತದೆ. ಭೂಮಿಯ ಮುಂದೆ ಇದು ಲೆಕ್ಕಕ್ಕೇ ಬರಲ್ಲ.

ಇರುವೆಗಳು ನಮಗಿಂತ ಜಾಸ್ತಿ ತೂಗುತ್ತವಂತೆ, ನಿಜವಾ ಅಂತ ಇನ್ನೊಬ್ಬರು. ಬಹಳ ಕಾಲ ಹಾಗೆ ಹೇಳುತ್ತಿದ್ದರು. 2022ರ ಅಂದಾಜಿನಲ್ಲಿ ಇರುವೆಗಳ ತೂಕ ಮನುಷ್ಯರ ತೂಕದ ಐದರಲ್ಲಿ ಒಂದು ಪಾಲು, ಎರಡನ್ನೂ ಒಣ ಇಂಗಾಲದ ಲೆಕ್ಕದಲ್ಲಿ ನೋಡಿದರೆ.

ಗುರುವನ್ನು ನಾವೇ ತೂಗಬಹುದಾ ಅಂತ ಆ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಖಂಡಿತ. ಒಂದು ಒಳ್ಳೆಯ ಬೈನಾಕ್ಯುಲರ್, ಅದನ್ನು ಅಲುಗಾಡದಂತೆ ನಿಲ್ಲಿಸಲು ಒಂದು ಸ್ಟ್ಯಾಂಡ್, ನೋಟ್‌ಬುಕ್ ಇದ್ದರೆ ಸಾಕು. ಅಯೋ ಗುರುವಿಗೆ ತೀರಾ ಹತ್ತಿರ, ಅದನ್ನು ಬಿಡಿ. ಕ್ಯಾಲಿಸ್ಟೊ ಹಿಡಿಯಿರಿ, ನಾಲ್ಕು ದೊಡ್ಡ ಚಂದ್ರರಲ್ಲಿ ಅದೇ ತುಂಬ ದೂರ ಹೋಗುವುದು. ಒಂದು ತಿಂಗಳು ಪ್ರತಿ ರಾತ್ರಿ ನಾಲ್ಕು ಚುಕ್ಕಿಗಳ ಜಾಗವನ್ನು ಬರೆದಿಡಿ. ಕ್ಯಾಲಿಸ್ಟೊ ಒಂದೇ ಕಡೆಯ ತುದಿಗೆ ಮತ್ತೆ ಬರಲು 16 ಅಥವಾ 17 ದಿನ ಆಗುತ್ತದೆ. ತುದಿಯಲ್ಲಿದ್ದಾಗ ಅದು ಗುರುವಿನಿಂದ ಗುರುವಿನ 13 ಅಗಲದಷ್ಟು ದೂರ ಇರುತ್ತದೆ. ಗುರುವಿನ ಅಗಲ 1 ಲಕ್ಷದ 43 ಸಾವಿರ ಕಿಲೋಮೀಟರ್. ಗುಣಿಸಿ, ಮೇಲೆ ಮಾಡಿದಂತೆ ನಮ್ಮ ಚಂದ್ರನ ಜೊತೆ ಹೋಲಿಸಿ. 13 ಅಂತ ನಾನು ಹೇಳಿದೆ ಅಂತ ಹಾಗೇ ಬರೆದುಕೊಳ್ಳಬೇಡಿ, ನೀವೇ ಅಳೆಯಿರಿ. 12 ಅಂತ ಬಂದರೆ ಗುರು ಭೂಮಿಯ ಸುಮಾರು 240 ಪಟ್ಟು ಅಂತಾಗುತ್ತದೆ, 14 ಅಂತ ಬಂದರೆ 380 ಹತ್ತಿರ ಹೋಗುತ್ತದೆ. ಅದರ ನಡುವೆ ಬಂದರೆ ಅಳತೆ ಚೆನ್ನಾಗಿದೆ ಅಂತ ಅರ್ಥ. ಹೊರಗೆ ಹೋದರೆ ಮೊದಲು ದೂರವನ್ನು ಮತ್ತೆ ಅಳೆದು ನೋಡಿ, ದಿನಗಳ ಲೆಕ್ಕ ಅಷ್ಟು ಸುಲಭವಾಗಿ ತಪ್ಪಲ್ಲ.